ಸೀನರಿಯೊಳಕ್ಕೆ ಕರೆದೊಯ್ದ ಅಕ್ಕ

ಏಪ್ರಿಲ್ ಮುಗಿಯಿತೆಂದರೆ ಅಕ್ಕ ಎರಡೂ ಕೈಗೆ ಗಂಡನ ಕಾಲುಚೀಲ ಏರಿಸಿಕೊಂಡು ಕಾರು ಓಡಿಸುತ್ತಿದ್ದರು. ಬಿಳಿಯ ಹತ್ತಿಯ ಕಾಲುಚೀಲ. ಹಿಮ್ಮಡಿಯ ಜಾಗ ಸವೆದು ತೂತಾಗಿ ಅಲ್ಲಿಂದ ಅವರ ಬಳೆ ಇಣುಕುತ್ತಿತ್ತು. ಮಸ್ಕತ್ತಿನ ಬಿಸಿಲಿನಲ್ಲಿ ನಿಂತ ಕಾರಿನ ಸ್ಟೇರಿಂಗ್ ಮುಟ್ಟಿದವರಿಗೆ ಗೊತ್ತು, ಅದರ ಮೇಲೆ ದೋಸೆ ಹುಯ್ಯಬಹುದು. ಬೇರೆಯವರು ಟವೆಲ್ ಹೊದಿಸುತ್ತಾರೆ, ಗಾಜಿಗೆ ಪರದೆ ಇಡುತ್ತಾರೆ. ಅವರಿಗೆ ಕಾಲುಚೀಲವೇ ಆಗಬೇಕು. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನ ಮಕ್ಕಳು ನೋಡಿ ಕಿಸಕ್ಕೆಂದರೆ ಇವರೂ ಆ ಬಿಳಿಯ ಕೈ ಎತ್ತಿ ಟಾಟಾ ಮಾಡುತ್ತಿದ್ದರು.

“ಆಫೀಸಿಗೆ ಹಾಕ್ಲಿಕ್ಕೆ ಮನೆಯಲ್ಲಿ ಒಂದು ಜೊತೆ ಸಾಕ್ಸ್ ಉಳಿದಿಲ್ಲ,” ಎಂದು ಅವರ ಯಜಮಾನರು ನನ್ನ ಹತ್ತಿರ ದೂರಿದರೆ, “ನಿಮ್ಮ ಕಾಲು ನೋಡುವವರು ಯಾರು ಮಾರಾಯ್ರೆ? ನನ್ನ ಕೈ ಸುಟ್ಟರೆ ನಿಮಗೆ ಮೀನು ಕಾಯಿಸುವವರು ಯಾರು?” ಎಂದು ಬಾಯಿ ಮುಚ್ಚಿಸುತ್ತಿದ್ದರು. ಆ ಮನುಷ್ಯನೂ ಬಾಯಿ ಮುಚ್ಚಿಸಿಕೊಳ್ಳುವ ಸುಖಕ್ಕಾಗಿಯೇ ದೂರುತ್ತಿದ್ದರೇನೋ ಎಂದು ನನಗೆ ಅನುಮಾನ.

ಅವರು ವಾದಿ ಕಬೀರ್‌ನಲ್ಲಿ ನಮ್ಮ ಎದುರುಮನೆಯವರು. ಕೆಳಗೆ ಟೈರಿನ ಅಂಗಡಿ, ಹಿಂದೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಲ್ಲುಗುಡ್ಡ, ನಡುವೆ ನಾಲ್ಕು ಮಹಡಿಯ ಕಟ್ಟಡ. ಉಡುಪಿಯ ಕಡೆಯವರು, ಮನೆಮಾತು ತುಳು. ನಾನು ಮೈಸೂರಿನವಳು. ಅವರನ್ನು ಅಕ್ಕ ಎಂದೆ, ಹಾಗಾಗಿ ಅವರ ಯಜಮಾನರು ಭಾವ ಆದರು. ಕೊನೆಯವರೆಗೂ ಅದೇ ಹೆಸರು ಸಾಕಾಯಿತು.

ಮೊದಲು ಅವರನ್ನು ನೋಡಿದ್ದು ಲಿಫ್ಟಿನಲ್ಲಿ. ಅಲ್ ಮಬೇಲಾದಿಂದ ಮನೆ ಬದಲಿಸಿ ಬಂದಿದ್ದೆವು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ನನ್ನ ಕೈಯಲ್ಲಿ ಗ್ರೈಂಡರಿನ ಡಬ್ಬ. ಲಿಫ್ಟಿನಲ್ಲಿದ್ದ ಇನ್ನೊಬ್ಬ ಹೆಂಗಸು ನಕ್ಕು, “ಮಕ್ಕಳು ಯಾವ ಕ್ಲಾಸು?” ಎಂದರು. ಅವರದೇನೂ ತಪ್ಪಲ್ಲ. ಇಂಡಿಯನ್ ಸ್ಕೂಲು ಹತ್ತಿರ ಎಂದೇ ಎಲ್ಲರೂ ಅಲ್ಲಿ ಮನೆ ಹಿಡಿಯುವುದು. ನಾನು ಎಂದಿನಂತೆ ದನಿ ತಗ್ಗಿಸಿ, “ಇನ್ನೂ ಇಲ್ಲ,” ಎಂದೆ. ಆ ‘ಇನ್ನೂ’ ಎಂಬುದನ್ನು ನಾನು ಸದಾ ಸೇರಿಸುತ್ತಿದ್ದೆ, ಕ್ಷಮೆ ಕೇಳಿದ ಹಾಗೆ. ಅವರು ಇಳಿದುಹೋದ ಮೇಲೆ ಮೂಲೆಯಲ್ಲಿ ಕಾಲುಚೀಲದ ಕೈ ಕಟ್ಟಿ ನಿಂತಿದ್ದ ಇವರು ಬಾಯಿ ತೆರೆದರು.

“ನಿಮಗೆ ಈ ಭೂಮಿ ಮೇಲೆ ಎಂತ ನೋಡ್ಬೇಕು ಅಂತ ಉಂಟು?”

ನನಗೆ ಅರ್ಥವಾಗಲಿಲ್ಲ. ಅವರು ಮತ್ತೆ ಕೇಳಿದರು. ಅಂಥ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಆದರೂ ಉತ್ತರ ಎಲ್ಲೋ ತಯಾರಾಗಿ ಕೂತಿತ್ತು. “ನಗಬಾರದು ಮತ್ತೆ,” ಎಂದೆ. “ನಮ್ಮನೆ ಹಾಲಿನಲ್ಲಿ ಗೋಡೆ ತುಂಬಾ ಒಂದು ಸೀನರಿ ಅಂಟಿಸಿದ್ರು. ಬೆಟ್ಟ, ಸರೋವರ, ದಡದಲ್ಲಿ ಒಂದು ಹಳೇ ಊರು, ನೀರಿನ ಮಧ್ಯೆ ದ್ವೀಪ, ಅದರಲ್ಲೊಂದು ಗೋಪುರ. ಒಂದು ಖಾಲಿ ದೋಣಿ. ಚಿಕ್ಕೋಳಿದ್ದಾಗ ಅದರ ಮುಂದೆ ಕೂತೇ ಊಟ ಮಾಡ್ತಿದ್ದೆ. ಅದರೊಳಕ್ಕೆ ಹೋಗಬೇಕು ಅಂತ.”

ಅವರು ನಗಲಿಲ್ಲ. “ಗೋಪುರ ಚೂಪಾ, ಚೌಕವಾ?” ಎಂದು ಕೇಳಿದರು. ಚೌಕ ಎಂದೆ. ನಮ್ಮ ಮಹಡಿ ಬಂತು. “ಖಲಾಸ್, ಆಯ್ತು, ಹುಡುಕುವ,” ಎಂದು ಇಳಿದರು. ತಮಾಷೆಯೆಂದುಕೊಂಡೆ. ಅವರು ರೂವಿಯ ಒಂದು ಟಿಕೆಟ್ ಆಫೀಸಿನಲ್ಲಿ ಕೆಲಸ ಮಾಡುತ್ತಾರೆಂದು ಆಮೇಲೆ ತಿಳಿಯಿತು.

ಮದುವೆಯಾದಾಗಿನಿಂದ ಅದೇ ಕುರ್ಚಿ. ಲಂಡನ್ನಿಗೆ, ಝಾಂಜಿಬಾರಿಗೆ, ಮಲೇಷಿಯಾಕ್ಕೆ ಹೋಗುವವರನ್ನೆಲ್ಲ ಅವರು ಕಳಿಸಿಕೊಟ್ಟಿದ್ದರು. ಸ್ವತಃ ಹತ್ತಿದ್ದು ಮಾತ್ರ ಮಂಗಳೂರಿನ ವಿಮಾನ. “ನಮ್ಮ ಹೊಟೇಲಿನವರು ಮನೆಯಲ್ಲಿ ಗಂಜಿ ಉಣ್ಣುದಿಲ್ವಾ, ಹಾಗೆ,” ಎನ್ನುತ್ತಿದ್ದರು. ಆಫೀಸಿನಲ್ಲಿ ಅರಬ್ಬಿ, ಹಿಂದಿ, ಮಲಯಾಳಂ. ಭಾವನ ಜೊತೆ ತುಳು. ನನ್ನ ಜೊತೆ ಕನ್ನಡ. ಭಾಷೆ ಯಾವುದಾದರೇನು, ಬೈಗುಳದಲ್ಲಿ ಒಂದೇ ಪ್ರೀತಿ. ಮೈಸೂರಿನವರೆಂದರೆ ಅವರಿಗೆ ಒಂದು ಕೈ ಹೆಚ್ಚು. “ನೀವು ‘ಬನ್ನಿ ಬನ್ನಿ’ ಅಂತ ಬಾಯಲ್ಲೇ ಪಾಯಸ ಮಾಡ್ತೀರಿ. ಕಾಫಿ ಬರುವಾಗ ಬಂದವರಿಗೆ ಬಾಯಾರಿಕೆಯೇ ಹೋಗಿರ್ತದೆ.”

ಶುಕ್ರವಾರ ಬೆಳಿಗ್ಗೆ ನಾವಿಬ್ಬರೂ ಅಲ್ ಮವಾಲೇಹ್‌ನ ತರಕಾರಿ ಮಾರ್ಕೆಟ್ಟಿಗೆ ಹೋಗುತ್ತಿದ್ದೆವು. ಟೊಮೆಟೊ ಕ್ರೇಟುಗಟ್ಟಲೆ ತಂದು ಕಟ್ಟಡದವರೆಲ್ಲ ಹಂಚಿಕೊಳ್ಳುವುದು. ಆ ದಾರಿಯಲ್ಲೇ ನಾನು ಅವರನ್ನು ಅರಿತದ್ದು. ಮಧ್ಯೆ ಮಧ್ಯೆ ಅವರು ಮೊಬೈಲಿನಲ್ಲಿ ಒಂದು ಚಿತ್ರ ಹಿಡಿಯುತ್ತಿದ್ದರು. “ಇದಾ ನೋಡು?” ಯಾವುದೋ ಸರೋವರ, ಯಾವುದೋ ಬೆಟ್ಟ. ಅಲ್ಲ ಎಂದರೆ, “ಸರಿ, ಹುಡುಕುವ.” ಕೆಲಸವಿಲ್ಲದ ಹೊತ್ತಿನಲ್ಲಿ ಅವರು ನಿಜಕ್ಕೂ ನನ್ನ ಸೀನರಿಯನ್ನು ಹುಡುಕುತ್ತಿದ್ದರು. ನನ್ನ ಆಸೆಯೊಂದನ್ನು ಬೇರೊಬ್ಬರು ಅಷ್ಟು ಕಾಲ ನೆನಪಿಟ್ಟುಕೊಂಡದ್ದು ಅದೇ ಮೊದಲು.

ಅಷ್ಟರಲ್ಲಿ ನಮ್ಮ ಮದುವೆಗೆ ಏಳು ವರ್ಷವಾಯಿತು. ಆಸ್ಪತ್ರೆಯ ಪ್ರಯತ್ನಗಳು ಮುಗಿದಿದ್ದವು. ಹಿಂದಿನ ರಜೆಯಲ್ಲಿ ಊರಿಗೆ ಹೋದಾಗ ಅತ್ತೆಯವರು ಸರ್ಪಸಂಸ್ಕಾರ ಮಾಡಿಸಿದ್ದರು. ನಾನು ಯಾವುದೋ ಜನ್ಮದಲ್ಲಿ ಹಾವು ಕೊಂದಿರಬೇಕು ಎಂದು ಯಾರೋ ಹೇಳಿದ್ದರಂತೆ. ಅದರ ಹಿಂದಿನ ರಜೆಯಲ್ಲಿ ಬೇರೊಂದು ಪೂಜೆ. ಎಲ್ಲದರಲ್ಲೂ ಒದ್ದೆ ಸೀರೆಯುಟ್ಟು ಕೂರುವವಳು ನಾನೇ, ಸುತ್ತ ನಿಂತವರೆಲ್ಲ ನೋಡುವುದು ನನ್ನನ್ನೇ. ನನ್ನ ಯಜಮಾನರು ಒಳ್ಳೆಯವರು. ಒಳ್ಳೆಯವರಾಗಿ ಸುಮ್ಮನೆ ನಿಂತಿರುತ್ತಿದ್ದರು. ಆ ವರ್ಷ ಮೇ ತಿಂಗಳಿಗೆ ಅತ್ತೆ ಮತ್ತೆ ದಿನ ಗೊತ್ತುಮಾಡಿದರು. ಕಳೆದ ಸಲ ಏನೋ ಲೋಪವಾಗಿದೆ, ಪುನಃ ಆಗಬೇಕು ಎಂದು. ಈ ಸಲವೂ ಹೋಗಿ ಕೂತರೆ ಇನ್ನು ಆಯುಷ್ಯವಿಡೀ ನಾನು ಅಪರಾಧಿಯೇ ಎಂದು ನನಗೆ ಅನ್ನಿಸಿಬಿಟ್ಟಿತ್ತು. ಹೋಗುವುದಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ.

ಮಾರ್ಕೆಟ್ಟಿನಿಂದ ಬರುವಾಗ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಅವರು ರಸ್ತೆಯಂಚಿಗೆ ಕಾರು ನಿಲ್ಲಿಸಿದರು. ನಿಧಾನವಾಗಿ ಒಂದೊಂದೇ ಕಾಲುಚೀಲ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

“ನನ್ನ ರಜೆ ಎಲ್ಲ ಹೀಗೇ ಹೋಯ್ತು. ಒಂದು ವರ್ಷ ಆಶ್ಲೇಷಾ ಬಲಿ, ಒಂದು ವರ್ಷ ನಾಗಪ್ರತಿಷ್ಠೆ. ಮತ್ತೆ ಯಾರೋ ಹೇಳಿದ್ರು, ನಾಗಬನ ಸರಿ ಇಲ್ಲ, ಕಲ್ಲು ಬದಲಿಸ್ಬೇಕು ಅಂತ. ಪ್ರತಿ ಸಲ ನಾನೇ ಉಪವಾಸ, ನಾನೇ ಹರಕೆ. ನಾಗ ಯಾವತ್ತೂ ನನ್ನ ಹತ್ರ ಎಂತದೂ ಕೇಳ್ಲಿಲ್ಲ ಮಾರಾಯ್ತಿ. ಕೇಳಿದ್ದೆಲ್ಲ ಮನುಷ್ಯರು.” ಕಾಲುಚೀಲ ಮಡಚುತ್ತ, “ನಾಗನ ಹತ್ರ ನಂಗೆ ಜಗಳ ಇಲ್ಲ. ನಮ್ಮ ದೇವರು ಅದು. ಅವನ ಹೆಸರಲ್ಲಿ ಹೊರಿಸುವವರ ಹತ್ರ ಉಂಟು,” ಎಂದರು.

ಆಮೇಲೆ ಮೊಬೈಲು ತೆಗೆದು ಒಂದು ಚಿತ್ರ ತೋರಿಸಿದರು. ಬೆಟ್ಟ, ನೀರು, ಹೆಂಚಿನ ಊರು, ನಡುವೆ ದ್ವೀಪ, ಚೌಕದ ಗೋಪುರ. ಅದೇ, ನಮ್ಮ ಗೋಡೆಯ ಸೀನರಿ. “ಇಟಲಿಯಂತೆ. ಓರ್ತಾ ಅಂತ. ಸಿಕ್ಕಿ ಒಂದು ವಾರ ಆಯ್ತು, ಹೇಳುವುದಾ ಬೇಡವಾ ಅಂತ ಇದ್ದೆ. ನಿನ್ನ ರಜೆ ಉಂಟಲ್ಲ, ನನ್ನದೂ ಉಂಟು. ಯಲ್ಲಾ, ಹೊರಡುವ, ಟಿಕೆಟ್ ಮಾಡ್ತೇನೆ. ಊರಿಗಲ್ಲ.”

ನನ್ನ ಯಜಮಾನರು ಒಪ್ಪಿದರು. ಅವರಿಗೂ ಹಗುರಾಯಿತೆಂದು ಮುಖದಲ್ಲೇ ಕಂಡಿತು. ಆದರೆ ಅತ್ತೆಗೆ ಹೇಳಬೇಕಲ್ಲ. ಫೋನು ಸ್ಪೀಕರಿನಲ್ಲಿತ್ತು, ಅಕ್ಕ ನಮ್ಮ ಸೋಫಾದಲ್ಲಿ ಕೂತು ಬೀನ್ಸ್ ನಾರು ತೆಗೆಯುತ್ತಿದ್ದರು.

“ಊರೂರು ಸುತ್ತೋಕೆ ಹೋದ್ರೆ ಮಕ್ಕಳಾಗ್ತವಾ?” ಎಂದರು ಅತ್ತೆ.

ನಾವು ಗಂಡಹೆಂಡತಿ ಮುಖ ಮುಖ ನೋಡಿಕೊಂಡೆವು. ಅಕ್ಕ ಬೀನ್ಸಿನ ತಟ್ಟೆ ಕೆಳಗಿಟ್ಟು ಫೋನಿನ ಕಡೆ ಬಾಗಿ, ಬಹಳ ಮರ್ಯಾದೆಯಿಂದ ಹೇಳಿದರು: “ನಮಸ್ಕಾರ ಅಮ್ಮ, ನಾನು ಎದುರುಮನೆಯವಳು. ಸುತ್ತದೇ ಕೂತು ನಂಗೂ ಆಗ್ಲಿಲ್ಲ.”

ಅತ್ತೆ ಕೆಟ್ಟವರಲ್ಲ, ಮೊಮ್ಮಗು ಎತ್ತಿಕೊಳ್ಳುವ ಆಸೆಯಿದ್ದ ಹೆಂಗಸು. “ಏನಾದ್ರೂ ಮಾಡ್ಕೊಳ್ಳಿ, ಪೂಜೆ ಮುಂದಿನ ವರ್ಷಕ್ಕೆ ಹಾಕ್ತೀನಿ,” ಎಂದು ಇಟ್ಟುಬಿಟ್ಟರು. ಪೂಜೆ ತಪ್ಪಿರಲಿಲ್ಲ, ಮುಂದಕ್ಕೆ ಹೋಗಿತ್ತು ಅಷ್ಟೇ.

ಭಾವ ಬರಲೊಪ್ಪಲಿಲ್ಲ. ಕುಚ್ಚಲಕ್ಕಿ ಸಿಗದ ಊರು ಅವರ ಲೆಕ್ಕದಲ್ಲಿ ಊರೇ ಅಲ್ಲ. ನನ್ನ ಯಜಮಾನರಿಗೆ ಊಟ ಹಾಕುವ ಹೊಣೆ ಹೊತ್ತುಕೊಂಡು ನಮ್ಮಿಬ್ಬರನ್ನೂ ಏರ್‌ಪೋರ್ಟಿಗೆ ಬಿಟ್ಟರು. ವಿಮಾನ ಮೇಲೇರುವಾಗ ಅಕ್ಕ ಕಿಟಕಿಗೆ ಹಣೆ ತಾಗಿಸಿ ಕೂತಿದ್ದರು. “ಇಷ್ಟು ವರ್ಷ ಜನರನ್ನು ಹತ್ತಿಸಿದೆ, ಮಂಗಳೂರು ಬಿಟ್ಟು ಬೇರೆ ಕಡೆ ಹಾರುವುದು ಹೇಗಿರ್ತದೆ ಅಂತ ಗೊತ್ತಿರ್ಲಿಲ್ಲ,” ಎಂದರು.

ಮಿಲಾನಿನಿಂದ ರೈಲು ಬದಲಿಸಿ, ಬೆಟ್ಟದ ಮೇಲಿನ ಪುಟ್ಟ ಸ್ಟೇಷನ್ನಿನಲ್ಲಿ ಇಳಿದು, ಪೆಟ್ಟಿಗೆ ಎಳೆದುಕೊಂಡು ಇಳಿಜಾರಿನಲ್ಲಿ ನಡೆದೆವು. ಒಂದು ತಿರುವಿನಲ್ಲಿ ಮರಗಳು ಸರಿದು ಸರೋವರ ಕಂಡಿತು. ನಾನು ನಿಂತುಬಿಟ್ಟೆ. ಅಕ್ಕ ನನ್ನ ಪೆಟ್ಟಿಗೆಯನ್ನೂ ತಾವೇ ಹಿಡಿದುಕೊಂಡು ಪಕ್ಕದಲ್ಲಿ ಕಾದರು.

ನಿಜ ಹೇಳಬೇಕೆಂದರೆ ಅದು ನಮ್ಮ ಗೋಡೆಯ ಸೀನರಿಯಷ್ಟು ನೀಲಿಯಾಗಿರಲಿಲ್ಲ. ಹಿಮದ ಬೆಟ್ಟಗಳು ಬಹಳ ದೂರದಲ್ಲಿದ್ದವು. ಅಚ್ಚು ಹಾಕಿದವನು ಅವನ್ನು ಎಳೆದು ತಂದು ಊರಿನ ಬೆನ್ನಿಗೇ ಅಂಟಿಸಿರಬೇಕು. ಆದರೆ ಊರು ಚಿತ್ರಕ್ಕಿಂತ ಚೆನ್ನಾಗಿತ್ತು. ಕಾರು ನುಗ್ಗದ ಕಲ್ಲಿನ ಓಣಿಗಳು, ಬಾಗಿಲ ಮೇಲೆ ತುಕ್ಕುಹಿಡಿದ ಕಬ್ಬಿಣದ ಬಾಲ್ಕನಿ, ನೀರಿಗೇ ತೆರೆದುಕೊಂಡ ಚೌಕ. ಚೌಕದ ಒಂದು ಮಗ್ಗುಲಲ್ಲಿ ಕಲ್ಲಿನ ಕಂಬಗಳ ಮೇಲೆ ನಿಂತ ಪುರಾತನ ಪಂಚಾಯತಿ ಕಟ್ಟಡ. ಅದರ ಗೋಡೆಯ ಚಿತ್ರಗಳು ನೂರಾರು ವರ್ಷದ ಮಳೆಗೆ ಮಾಸಿದ್ದವು. ಕಂಬಕ್ಕೆ ಒರಗಿ ಕೂತು ಅಕ್ಕ ಉಡುಪಿಯಿಂದ ತರಿಸಿದ್ದ ಅವಲಕ್ಕಿಗೆ ಉಪ್ಪಿನಕಾಯಿ ಕಲಸಿ ಕೊಟ್ಟರು. ದಡದಲ್ಲಿ ಒಂದು ದೋಣಿ ಕಟ್ಟಿಹಾಕಿತ್ತು, ಖಾಲಿ.

“ನಿನ್ನ ಸೀನರಿಯಲ್ಲಿ ದೋಣಿ ಯಾಕೆ ಖಾಲಿ ಇತ್ತು ಅಂತ ಈಗ ಗೊತ್ತಾಯ್ತಲ್ಲ?” ಎಂದರು. “ನಾವು ಬರ್ಲಿಕ್ಕೆ ಬಾಕಿ ಇತ್ತು.”

ದ್ವೀಪಕ್ಕೂ ಹೋದೆವು. ಹಳೆಯ ಇಗರ್ಜಿ, ಸನ್ಯಾಸಿನಿಯರ ಮಠ, ಸುತ್ತುವರಿದ ಒಂದೇ ಓಣಿ, ಅಲ್ಲಲ್ಲಿ ಮೌನವಾಗಿ ನಡೆಯಿರಿ ಎಂಬ ಫಲಕ. ಅಕ್ಕನಿಗೆ ಅದೊಂದೇ ಕಷ್ಟವಾದದ್ದು.

ಸಂಜೆ ನಾವು ಇಳಿದಿದ್ದ ಮನೆಯ ಅಜ್ಜಿ ನಮ್ಮ ಜೊತೆ ಮನೆಮುಂದಿನ ಕಟ್ಟೆಯ ಮೇಲೆ ಕೂತಳು. ಅವಳಿಗೆ ಇಂಗ್ಲಿಷು ಅಷ್ಟಕ್ಕಷ್ಟೆ, ಉಳಿದದ್ದು ಕೈಸನ್ನೆ. ದ್ವೀಪದ ಕಥೆ ಹೇಳಿದಳು. ಬಹಳ ಹಿಂದೆ ಅಲ್ಲಿ ಮನುಷ್ಯರು ಹೋಗುತ್ತಿರಲಿಲ್ಲವಂತೆ, ಬರೀ ಹಾವುಗಳಂತೆ. ಹೇಳುತ್ತ ಅವಳು ತನ್ನ ಸುಕ್ಕುಗಟ್ಟಿದ ತೋಳನ್ನು ಹಾವಿನಂತೆ ಹರಿಸಿದಳು. ಆಗ ಒಬ್ಬ ಸಂತ ಬಂದ. ದೋಣಿ ಕೊಡುವವರಿಲ್ಲದೆ ನೀರಿನ ಮೇಲೆ ತನ್ನ ನಿಲುವಂಗಿ ಹಾಸಿ ತೇಲಿಕೊಂಡು ಹೋದ. ಹಾವುಗಳನ್ನೆಲ್ಲ ಓಡಿಸಿ ಇಗರ್ಜಿ ಕಟ್ಟಿದ. ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ಅಕ್ಕನ ಮುಖ ಸಪ್ಪಗಾಯಿತು. “ಎಲ್ಲಿಗೆ ಓಡಿಸಿದ್ದಂತೆ ಕೇಳು,” ಎಂದರು. ಕೇಳಿದೆ. ಅಜ್ಜಿ ಭುಜ ಕುಣಿಸಿದಳು. ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಅವಳಲ್ಲಿ ಯಾರೂ ಕೇಳಿರಲಾರರು. “ಅವು ಯಾರಿಗೆ ಎಂತ ಮಾಡಿದ್ದುವಂತೆ?” ಅದೂ ಗೊತ್ತಿಲ್ಲ. ಅಕ್ಕ ಎದ್ದು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಎದ್ದಾಗ ಅವರು ಕೋಣೆಯಲ್ಲಿರಲಿಲ್ಲ. ಹುಡುಕಿಕೊಂಡು ಹೋದೆ. ನೀರಿನಂಚಿನ ಮೆಟ್ಟಿಲ ಬಳಿ ಒಂದು ಉದ್ದನೆಯ ಕಲ್ಲು, ಅದರ ಮುಂದೆ ಅಕ್ಕ ಚಪ್ಪಲಿ ಬಿಚ್ಚಿ ನಿಂತಿದ್ದರು. ಬೆಟ್ಟದ ಚಳಿಗೆ ಕೈಗೆ ಮತ್ತದೇ ಭಾವನ ಕಾಲುಚೀಲ. ಪಕ್ಕದಲ್ಲಿ ಅಂಗಡಿಯಿಂದ ತಂದ ಹಾಲಿನ ಪ್ಯಾಕೆಟ್ಟು. ನನ್ನನ್ನು ನೋಡಿ ಕಾಲುಚೀಲ ತೆಗೆದು ಸೊಂಟಕ್ಕೆ ಸಿಕ್ಕಿಸಿ, ಬೊಗಸೆಯಲ್ಲಿ ಹಾಲು ಹಿಡಿದು ಕಲ್ಲಿನ ಮೇಲೆ ಎರೆದರು. ಅವರ ಕಡೆ ನಾಗನ ಕಲ್ಲಿಗೆ ಹೀಗೆ ಹಾಲೆರೆಯುವುದಕ್ಕೆ ತನು ಹಾಕುವುದು ಎನ್ನುತ್ತಾರೆ. ಹಾಲು ಕಲ್ಲಿನಿಂದ ಹರಿದು ಸರೋವರಕ್ಕೆ ಇಳಿಯಿತು.

“ಏನು ಬೇಡಿಕೊಂಡ್ರಿ ಅಕ್ಕಾ?” ಎಂದೆ.

“ಎಂತದೂ ಇಲ್ಲ. ಜೀವಮಾನದಲ್ಲಿ ಮೊದಲ ಸಲ ಎಂತದೂ ಕೇಳದೆ ತನು ಹಾಕಿದ್ದು.” ಕೈ ಒರೆಸಿಕೊಂಡರು. “ಕಷ್ಟ ಬಂದ್ರೆ ಮನುಷ್ಯರಿಗೆ ಯಾರ ತಲೆಗಾದ್ರೂ ಕಟ್ಬೇಕು, ಅಲ್ವಾ. ಇಲ್ಲಿ ಹಾವಿನ ತಲೆಗೆ ಕಟ್ಟಿದ್ರು. ನಮ್ಮಲ್ಲಿ ನಾಗನ ತಲೆಗೆ, ನನ್ನ ತಲೆಗೆ. ಇಷ್ಟು ವರ್ಷ ನಾನು ಅವನ ಎದುರು ತಪ್ಪಾಯ್ತು ತಪ್ಪಾಯ್ತು ಅಂತ ನಿಂತೆ. ನಿನ್ನೆ ಆ ಅಜ್ಜಿ ಹೇಳುವಾಗ ಗೊತ್ತಾಯ್ತು ನೋಡು, ನಾನು ಅವನು ಒಂದೇ ಕಡೆಯವರು.”

ನನಗೆ ಅಳು ತಡೆಯಲಾಗಲಿಲ್ಲ. ಅಕ್ಕ ಸಮಾಧಾನ ಮಾಡಲಿಲ್ಲ, ಪ್ಯಾಕೆಟ್ಟು ನನ್ನ ಕೈಗಿತ್ತರು. “ಹಾಕು. ಕೇಳ್ಲಿಕ್ಕೆ ಇಲ್ಲ ಮತ್ತೆ.” ನಾನೂ ಬೊಗಸೆ ತುಂಬಿ ಎರೆದೆ. ಆಸ್ಪತ್ರೆಯ ಹಾಸಿಗೆಯಲ್ಲಿ, ಹೋಮದ ಹೊಗೆಯಲ್ಲಿ, ಎಲ್ಲೆಲ್ಲೂ ಕೇಳಿ ಕೇಳಿ ಸೋತವಳು ಅವತ್ತು ಏನೂ ಕೇಳಲಿಲ್ಲ. ಆ ಹಗುರ ನನಗೆ ಇವತ್ತಿಗೂ ನೆನಪಿದೆ.

ಇದನ್ನು ಕಿಟಕಿಯಿಂದ ನೋಡಿದ ಅಜ್ಜಿ, ಅಕ್ಕ ಬೀದಿಬೆಕ್ಕಿಗೆ ಹಾಲು ಹಾಕುತ್ತಿದ್ದಾರೆಂದು ತಿಳಿದಳು. ಬೆಕ್ಕೆಂದರೆ ಅವಳಿಗೆ ಪ್ರಾಣವಂತೆ. ಮರುದಿನದಿಂದ ನಮ್ಮ ಬಾಗಿಲಲ್ಲಿ ಒಂದು ಬಟ್ಟಲು ಹಾಲು ಇಟ್ಟಿರುತ್ತಿದ್ದಳು. ಅಕ್ಕ ಅದನ್ನೂ ಭಕ್ತಿಯಿಂದ ಒಯ್ದು ಕಲ್ಲಿಗೆರೆದರು. ಬೆಕ್ಕುಗಳು ನಿಜಕ್ಕೂ ಬಂದು ನೆಕ್ಕತೊಡಗಿದವು. ಅಜ್ಜಿ ಮೇಲಿನಿಂದ ಕೈ ಬೀಸಿದಳು, ಅಕ್ಕ ಕಾಲುಚೀಲದ ಕೈ ಬೀಸಿದರು. “ಇರ್ಲಿ ಬಿಡು. ಅವಳ ಪುಣ್ಯ ಅವಳಿಗೆ, ನಂದು ನಂಗೆ. ಹಾಲು ಹಾಳಾಗ್ಲಿಲ್ಲವಲ್ಲ,” ಎಂದರು.

ಹಿಂತಿರುಗಿದ ಮೇಲೆ ಮುಂದಿನ ವರ್ಷವೂ ಬಂತು. ಅತ್ತೆ ಪೂಜೆಯ ದಿನ ಹೇಳಲು ಫೋನು ಮಾಡಿದರು. “ಬರ್ತೀನಿ ಅತ್ತೆ, ನಿಮ್ಮನ್ನ ನೋಡೋಕೆ. ಪೂಜೆಗೆ ಕೂರಲ್ಲ,” ಎಂದೆ. ದನಿ ತಗ್ಗಿಸಲಿಲ್ಲ. ನನ್ನ ಯಜಮಾನರು ಫೋನು ತೆಗೆದುಕೊಂಡು, “ಸಾಕಮ್ಮ. ನಮಗೆ ನಾವಿಬ್ಬರೇ ಆದ್ರೂ ಸರಿ,” ಎಂದರು. ಅವರ ಬಾಯಿಂದ ಆ ಮಾತು ಕೇಳಲು ನಾನು ಅಷ್ಟು ವರ್ಷ ಕಾದಿದ್ದೆ. ಅತ್ತೆ ಕೆಲವು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಆಮೇಲೆ ಒಂದು ದಿನ ಹುಳಿಪುಡಿ ಮುಗಿದಿದೆಯಾ ಎಂದು ಕೇಳಲು ಅವರೇ ಫೋನು ಮಾಡಿದರು.

ಅಕ್ಕ ಹೋದದ್ದು ಅದಾದ ಮೇಲಿನ ಬೇಸಿಗೆಯ ಒಂದು ಶನಿವಾರ. ಬೆಳಿಗ್ಗೆ ನೀರುದೋಸೆ ಹುಯ್ಯುತ್ತಿದ್ದವರು ಎದೆ ಹಿಡಿದುಕೊಂಡು ಕೂತರು. ನಾನೇ ಅವರ ಕಾರು ಓಡಿಸಿದೆ; ಬಿಸಿ ಸ್ಟೇರಿಂಗಿಗೆ ಅಂಗೈ ಸುಟ್ಟದ್ದು ಆಸ್ಪತ್ರೆಯಲ್ಲಿ ಗೊತ್ತಾಯಿತು. ಒಳಗೆ ಕರೆದೊಯ್ಯುವ ಮುಂಚೆ ಅವರು ನನ್ನ ಕೈ ತಿರುಗಿಸಿ ನೋಡಿದರು. “ಸಾಕ್ಸ್ ಹಾಕ್ಲಿಕ್ಕೆ ಎಂತ ಧಾಡಿ ನಿಂಗೆ?” ಎಂದರು. ಅದೇ ಕೊನೆಯ ಮಾತು. ಸಂಜೆಯೊಳಗೆ ಎಲ್ಲ ಮುಗಿಯಿತು. ಅಷ್ಟು ಸಣ್ಣ ದೇಹಕ್ಕೆ ಕಟ್ಟಡಕ್ಕೆ ಕಟ್ಟಡವೇ ಅತ್ತಿತು. ಭಾವ ಬೂದಿ ತೆಗೆದುಕೊಂಡು ಊರಿಗೆ ಹೋದವರು ಅಲ್ಲೇ ತಮ್ಮನ ಜೊತೆ ಉಳಿದರು. ಕಾರನ್ನು ನಮಗೆ ಬಿಟ್ಟುಹೋದರು, ಕಾಲುಚೀಲಗಳ ಸಮೇತ.

ನಮಗೆ ಮಕ್ಕಳಿಲ್ಲ. ಈಗ ಹಾಗೆಯೇ ಹೇಳುತ್ತೇನೆ. ‘ಇನ್ನೂ’ ಎಂದು ಸೇರಿಸುವುದಿಲ್ಲ.

ಮೊನ್ನೆ ಶುಕ್ರವಾರ ಮಾರ್ಕೆಟ್ಟಿನಿಂದ ಬಂದು ಲಿಫ್ಟು ಹತ್ತಿದೆ. ಎರಡೂ ಕೈಯಲ್ಲಿ ಕಾಲುಚೀಲ, ಕಾಲ ಬಳಿ ಟೊಮೆಟೊ ಕ್ರೇಟು. ನಾಲ್ಕನೇ ಮಹಡಿಗೆ ಹೊಸದಾಗಿ ಬಂದ ಹುಡುಗಿ, ದಾವಣಗೆರೆಯವಳಂತೆ, ಮಿಕ್ಸಿಯ ಡಬ್ಬ ಅಪ್ಪಿಕೊಂಡು ನಿಂತಿದ್ದಳು. ಜೊತೆಯಲ್ಲಿದ್ದವರೊಬ್ಬರು ಪ್ರೀತಿಯಿಂದಲೇ ಕೇಳಿದರು, “ಮಕ್ಕಳು ಯಾವ ಕ್ಲಾಸು?” ಅವಳ ದನಿ ತಗ್ಗಿತು. ಆ ತಗ್ಗಿದ ದನಿ ನನಗೆ ಚೆನ್ನಾಗಿ ಗೊತ್ತು. ಅವರು ಇಳಿದುಹೋಗುವವರೆಗೆ ಕಾದೆ.

“ನಿಮಗೆ ಈ ಭೂಮಿ ಮೇಲೆ ಎಂತ ನೋಡ್ಬೇಕು ಅಂತ ಉಂಟು?” ಎಂದೆ.

ಅವಳು ನನ್ನ ಕೈಗಳ ಕಾಲುಚೀಲವನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. ಲಿಫ್ಟು ನಮ್ಮ ಮಹಡಿಗೆ ಬಂದು ಬಾಗಿಲು ತೆರೆಯಿತು. ನಾನು ಇಳಿಯಲಿಲ್ಲ.

“ನಗಬಾರದು ಮತ್ತೆ,” ಎಂದಳು ಹುಡುಗಿ.